ನಾಲ್ಕೂವರೆ ಅಡಿಯ ಮರೆ

ಕಾಲೇಜು ಮೂರೂಕಾಲಿಗೆ ಬಿಡುತ್ತಿತ್ತು. ನಮ್ಮ ಊರು ಸಿದ್ದಾಪುರದ ಬಸ್ಸು ನಾಲ್ಕೂವರೆಗೆ. ನಡೆಯುವ ಹೊತ್ತು ಕಳೆದರೆ ಒಂದು ತಾಸು ಉಳಿಯುತ್ತಿತ್ತು. ದಿನದ ಉಳಿದ ತಾಸುಗಳಿಗೆಲ್ಲ ಯಾರೋ ಒಬ್ಬರು ಹಕ್ಕುದಾರರಿದ್ದರು. ಬೆಳಿಗ್ಗೆ ಅವ್ವನ ಒಲೆ, ಆಮೇಲೆ ತಮ್ಮಂದಿರ ಬಟ್ಟೆ, ಆಮೇಲೆ ಉಪನ್ಯಾಸಕರು ಓದಿ ಹೇಳಿ ಬರೆಸುವ ನೋಟ್ಸು. ಈ ಒಂದು ತಾಸು ಮಾತ್ರ ನನ್ನದು. ಅದನ್ನು ನಾನು ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಇಂಟರ್ನೆಟ್ ಅಂಗಡಿಯೊಳಗೆ ಕಳೆಯುತ್ತಿದ್ದೆ. ಇಂಟರ್ನೆಟ್ಟನ್ನು ಹದ್ದುಬಸ್ತಿನಲ್ಲಿಡಬೇಕು ಎಂದು ದೊಡ್ಡವರು ದೊಡ್ಡ ಊರುಗಳಲ್ಲಿ ಕೂತು ಮಾತಾಡುತ್ತಿದ್ದ ಕಾಲ ಅದು. ಆ ಮಾತು ನಮ್ಮ ಓಣಿಗೆ ಬಂದು ಮುಟ್ಟಿದಾಗ ಮೊದಲು ಕೈಯಿಟ್ಟದ್ದು ನನ್ನ ಆ ತಾಸಿನ ಮೇಲೆ.

ಅಂಗಡಿ ಮೊದಲು ಎಸ್‌ಟಿಡಿ ಬೂತ್ ಆಗಿತ್ತು. ಹಳದಿ ಬೋರ್ಡು ಹಾಗೇ ಇತ್ತು. ಅದರ ಕೆಳಗೆ ಇಂಟರ್ನೆಟ್ ಎಂದು ಬೇರೆ ಬಣ್ಣದಲ್ಲಿ ಬರೆಸಿದ್ದರು. ನಡೆಸುತ್ತಿದ್ದವರು ಕಿರಾಣಿ ವ್ಯಾಪಾರದ ಮನೆತನದ ಸೊಸೆ, ನಲವತ್ತರ ಹತ್ತಿರದ ಹೆಣ್ಣುಮಗಳು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಆರು ಕಂಪ್ಯೂಟರ್. ಒಂದೊಂದಕ್ಕೂ ಆಳೆತ್ತರ ಪ್ಲೈವುಡ್ಡಿನ ಗೂಡು, ಗೂಡಿಗೊಂದು ಪರದೆ. ದುಡ್ಡಿನ ಗಲ್ಲೆಯ ಮೇಲೆ ಹೆಂಗಸು ಕೂತಿದ್ದಾರೆ, ಒಳಗೆ ಮರೆ ಇದೆ ಎಂಬ ಎರಡೇ ಕಾರಣಕ್ಕೆ ಗಂಗಾವತಿಯ ಹುಡುಗಿಯರು ಅಲ್ಲಿಗೆ ಬರುತ್ತಿದ್ದರು. ಬೇರೆ ಅಂಗಡಿಗಳಲ್ಲಿ ನಾವು ಒಳಗೆ ಕಾಲಿಟ್ಟರೆ ಅಲ್ಲಿದ್ದ ಹುಡುಗರೆಲ್ಲ ಕಂಪ್ಯೂಟರ್ ಬಿಟ್ಟು ನಮ್ಮನ್ನು ನೋಡುತ್ತಿದ್ದರು.

ನನಗೆ ಯಾರೂ ಕಲಿಸಲಿಲ್ಲ. ಒಂದು ದಿನ ಮೌಸಿನ ಬಲಗುಂಡಿ ತಪ್ಪಿ ಒತ್ತಿದೆ. ಒಂದು ಪಟ್ಟಿ ಇಳಿಯಿತು. ಅದರಲ್ಲಿ ಪುಟದ ಮೂಲ ನೋಡು ಎಂಬ ಅರ್ಥದ ಒಂದು ಸಾಲು. ಒತ್ತಿದರೆ, ಕಣ್ಣೆದುರಿನ ಬಣ್ಣದ ಪುಟದ ಹೊಟ್ಟೆಯೊಳಗಿನ ಬರಹವೆಲ್ಲ ಕಪ್ಪು ಅಕ್ಷರದಲ್ಲಿ ಬಂದು ನಿಂತಿತು. ಆಗ ಆದ ಖುಷಿಯನ್ನು ಹೇಗೆ ಹೇಳಲಿ. ಹೋಟೆಲಿನಲ್ಲಿ ತಿಂಡಿ ತಿನ್ನುವವನನ್ನು ಅಡಿಗೆಭಟ್ಟ ಒಳಗೆ ಕರೆದು, ಬಾ, ಎಲ್ಲಾ ಡಬ್ಬಿ ತೆಗೆದು ನೋಡು ಎಂದ ಹಾಗೆ. ಯಾವ ಪುಟವನ್ನಾದರೂ ಹೀಗೆ ಬಿಚ್ಚಬಹುದಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಂದಿನಿಂದ ನನ್ನ ಪದ್ಧತಿ ಒಂದೇ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಹೀಗಾಗಿ ಗೆರೆ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಕೋಡ್ ಬರೆಯುವುದು. ತೆರೆದ ಗುರುತಿಗೆಲ್ಲ ಮುಚ್ಚುವ ಗುರುತು ಹಾಕಿದ್ದೇನೆಯೇ ಎಂದು ಬಸ್ಸಿನಲ್ಲಿ ಪೆನ್ಸಿಲ್ಲಿನಿಂದ ಎಣಿಸುವುದು. ಮರುದಿನ ಆ ಒಂದು ತಾಸಿನಲ್ಲಿ ಸರಸರ ಟೈಪ್ ಮಾಡಿ ನೋಡುವುದು. ತಪ್ಪಿದ್ದರೆ ತಪ್ಪನ್ನು ಬರೆದುಕೊಂಡು ಮನೆಗೆ ಒಯ್ಯುವುದು. ಹೀಗೆ ನಾನು ಕಟ್ಟಿದ ಮೊದಲ ಪುಟ ಗಂಗಾವತಿ ನಿಲ್ದಾಣದ ಬಸ್ ವೇಳೆಯದು. ಕಾರಟಗಿ, ಕನಕಗಿರಿ, ಹುಲಿಹೈದರ, ಕುಷ್ಟಗಿ. ಗೋಡೆಯ ಮೇಲೆ ಬರೆದ ವೇಳೆ ಅಲ್ಲ, ಬಸ್ಸು ನಿಜವಾಗಿ ಬರುವ ವೇಳೆ. ನಿಂತು ನೋಡಿ ಬರೆದದ್ದು. ಹನ್ನೊಂದು ಮಂದಿ ನೋಡಿದ್ದಾರೆಂದು ಪುಟ ತೋರಿಸುತ್ತಿತ್ತು. ಅದರಲ್ಲಿ ಒಂಬತ್ತು ಸಲ ನಾನೇ.

ಒಂದು ಮಧ್ಯಾಹ್ನ ಅಂಗಡಿಗೆ ಹೋದರೆ ಬಡಗಿ ಗರಗಸ ಹಿಡಿದಿದ್ದ. ಗೂಡುಗಳ ಮೇಲ್ಭಾಗವನ್ನೆಲ್ಲ ಕತ್ತರಿಸಿ ನೆಲಕ್ಕೆ ಹಾಕಿದ್ದ. ಪರದೆಗಳನ್ನು ಅಕ್ಕಾರು ಮಡಚಿ ಗಲ್ಲೆಯ ಕೆಳಗೆ ತುರುಕುತ್ತಿದ್ದರು.

"ಏನಾತ್ರಿ ಅಕ್ಕಾರ?" ಎಂದೆ.

"ಹೊಸ ನಿಯಮಂತ. ಮರಿ ನಾಲ್ಕೂವರಿ ಅಡಿಗಿಂತ ಎತ್ತರ ಇರಬಾರ್ದಂತ. ಪರದಾ ಇರಬಾರ್ದಂತ. ಕಂಪ್ಯೂಟರಿನ ಮಾರಿ ಹೊರಗ ಇರಬೇಕಂತ, ಯಾರು ಏನ್ ನೋಡ್ತಾರ ಎಲ್ಲಾರಿಗೂ ಕಾಣಬೇಕಂತ. ಠಾಣೆಯವ್ರು ಬಂದು ಹೇಳಿ ಹೋಗ್ಯಾರ."

"ಯಾರಿಗೆ ಕಾಣಬೇಕ್ರಿ?"

"ಎಲ್ಲಾರಿಗೂ ಅಂದ್ರ ಎಲ್ಲಾರಿಗೂ."

ಎಲ್ಲರೂ ಎಂದರೆ ಯಾರೆಂದು ಆ ದಿನವೇ ತಿಳಿಯಿತು. ಎದುರಿಗೊಂದು ಚಹಾದ ಅಂಗಡಿ. ಕಂಪ್ಯೂಟರುಗಳನ್ನು ಬಾಗಿಲಿನತ್ತ ತಿರುಗಿಸಿದ ಮೇಲೆ ಅಲ್ಲಿ ಮಿರ್ಚಿ ತಿನ್ನುತ್ತ ನಿಂತವರಿಗೆ ನಮ್ಮ ಆರೂ ಕಂಪ್ಯೂಟರಿನ ಮುಖಗಳು ಕಾಣತೊಡಗಿದವು, ಅದರ ಮುಂದಿನ ನಮ್ಮ ಬೆನ್ನು, ಜಡೆ ಸಮೇತ. ಒಬ್ಬ ಅಲ್ಲಿಂದಲೇ ಕೂಗಿದ, "ಎರಡನೇ ನಂಬರಿನವ್ರು ಏನೋ ಭಾಳ ಬರ್ಯಾಕತ್ಯಾರಪ್ಪ, ಪತ್ರ ಯಾರಿಗೋ." ಎರಡನೇ ನಂಬರು ನಾನೇ. ನಾನು ಕುಷ್ಟಗಿ ಬಸ್ಸಿನ ವೇಳೆ ಬರೆಯುತ್ತಿದ್ದೆ. ತಿರುಗಿ, "ಕುಷ್ಟಗಿಗೆ ಹೊಂಟೀರೇನ್ರಿ? ವ್ಯಾಳೆ ಹೇಳ್ಲೇನು?" ಎಂದೆ. ಅವನು ಚಹಾದ ಲೋಟದೊಳಗೆ ಮುಖ ಹಾಕಿದ. ಅಂದು ಗೆದ್ದೆ ಅನ್ನಿಸಿತು. ಆದರೆ ಮರುವಾರಕ್ಕೆ ಹುಡುಗಿಯರು ಅರ್ಧಕ್ಕರ್ಧ ಬರುವುದನ್ನು ಬಿಟ್ಟಿದ್ದರು.

ಮರೆ ಹೋದದ್ದಕ್ಕಿಂತ ಕೆಟ್ಟದ್ದು ಪುಸ್ತಕ. ಬಂದವರೆಲ್ಲರ ದಾಖಲೆ ಇಡಬೇಕು, ತಿಂಗಳಿಗೊಮ್ಮೆ ಠಾಣೆಗೆ ಪ್ರತಿ ಕೊಡಬೇಕು ಎಂದಿದ್ದರಂತೆ. ಅಕ್ಕಾರು ಒಂದು ದಪ್ಪ ರಿಜಿಸ್ಟರ್ ತಂದು ಗಲ್ಲೆಯ ಮೇಲೆ ಬಿಚ್ಚಿಟ್ಟು, ಅದಕ್ಕೊಂದು ಪೆನ್ನು ದಾರದಿಂದ ಕಟ್ಟಿದರು. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಉದ್ದೇಶ, ಸಹಿ. ಎಲ್ಲಿಗೆ ಹೋಗುವಿರಿ ಎಂಬಲ್ಲಿ ನಾನು ದಿನವೂ "ಮನೆಗೆ" ಎಂದು ಬರೆಯುತ್ತಿದ್ದೆ. ಉದ್ದೇಶ ಎಂಬಲ್ಲಿ "ಕಲಿಯಲು". ಬರೆಯುವಾಗಲೆಲ್ಲ ಮೇಲಿನ ಸಾಲುಗಳು ಕಣ್ಣಿಗೆ ಬೀಳುತ್ತಿದ್ದವು. ಬೇಡವೆಂದರೂ ಓದುತ್ತಿದ್ದೆ. ನಾನು ಓದುತ್ತೇನೆ ಎಂದ ಮೇಲೆ ಬೇರೆಯವರೂ ನನ್ನದನ್ನು ಓದುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಮುಂದೆ ಅದೇ ನನ್ನ ಮೇಲೆ ಬಂತು.

ನಮ್ಮ ಮಾವ, ಅವ್ವನ ಅಣ್ಣ, ನಮ್ಮ ಊರಿನಲ್ಲೇ ಇರುವವರು. ಮಗನ ನೌಕರಿಯ ಅರ್ಜಿ ತುಂಬಿಸಲು ಆ ಅಂಗಡಿಗೆ ಬಂದರು. ತಮ್ಮ ಸಾಲು ಬರೆಯುವ ಮೊದಲು ಮೇಲಿನ ಸಾಲು ಓದಿದರು. ನನ್ನ ಹೆಸರು, ನನ್ನ ಅಪ್ಪನ ಹೆಸರು, ಸಿದ್ದಾಪುರ. ಹಿಂದಿನ ಪುಟ ತಿರುವಿದರು. ಅಲ್ಲೂ ನಾನೇ. ಅದರ ಹಿಂದಿನ ಪುಟದಲ್ಲೂ ನಾನೇ. ಅರ್ಜಿಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತುಬಿಟ್ಟರು.

ನಾನು ಬಸ್ಸಿಳಿದು ಮನೆಗೆ ಬಂದಾಗ ಪಂಚಾಯಿತಿ ಆಗಲೇ ಶುರುವಾಗಿತ್ತು. ಅಪ್ಪ ಕಾಲುವೆಯ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ನಮ್ಮ ಭಾಗದ ಉಪಕಾಲುವೆಯ ಗೇಟು ಎತ್ತಿ ಇಳಿಸುವುದು ಅವನ ಕೆಲಸ. ಯಾರ ಭತ್ತದ ಗದ್ದೆಗೆ ಯಾವ ದಿನ ಎಷ್ಟು ತಾಸು ನೀರು ಎಂಬುದೆಲ್ಲ ಅವನ ಕೈಯಲ್ಲಿ.

"ತಂಗೀ, ನಿನ್ನ ಮಗಳ ಹೆಸರು ಆ ಪುಸ್ತಕದಾಗ ಎಷ್ಟ ಪುಟದಾಗ ಐತಿ ಗೊತ್ತೇನು?" ಎಂದು ಮಾವ ಅವ್ವನನ್ನು ಕೇಳಿದರು.

"ಕಾಲೇಜಿನ ಹಾಜರಿ ಪುಸ್ತಕದಾಗೂ ಐತಿ ಬಿಡಣ್ಣ. ಅಲ್ಲಿ ನಿನ್ನ ಮಗನ ಹೆಸರ ಕಾಣಂಗಿಲ್ಲಂತ," ಎಂದಳು ಅವ್ವ ಒಲೆಯ ಹತ್ತಿರದಿಂದ.

"ನಗ್ಯಾಡೋ ಮಾತಲ್ಲ ಇದು. ದಿನಾ ಒಂದ್ ತಾಸು ನೆಟ್ಟಿನಾಗ ಏನ್ ಮಾಡ್ತಾಳ ಈಕಿ? ಚಹಾದ ಅಂಗಡಿ ಮುಂದ ನಿಂತವ್ರೆಲ್ಲಾ ನೋಡ್ತಾರ."

"ನೋಡೋರಿಗೆ ಹೇಳಬೇಕಿಲ್ರಿ ಮಾವ, ನೋಡಬ್ಯಾಡ್ರಿ ಅಂತ?" ಎಂದೆ.

"ನೋಡಿದ್ಯಾ, ಬಾಯಿ."

ಅಪ್ಪ ಕೈ ಚಾಚಿದ. ಏನು ಮಾಡುತ್ತಿ ತೋರಿಸು ಎಂದು ಅದರ ಅರ್ಥ. ನೋಟ್‌ಬುಕ್ ಕೊಟ್ಟೆ. ಒಂದೊಂದೇ ಹಾಳೆ ತಿರುವಿದ.

"ಇದೇನು, ತುಂಬಾ ಬಾಣದ ಗುರ್ತು?"

"ಪುಟ ಕಟ್ಟೋ ಭಾಷಾ ಯಪ್ಪಾ. ಈ ಗುರ್ತಿನಿಂದ ಶುರು, ಈ ಗುರ್ತಿನಿಂದ ಬಂದ್. ನಿನ್ನ ಗೇಟಿನಂಗ."

"ಬಸ್ಸಿನ ವ್ಯಾಳೆ ಬರದೀ."

"ಹೂಂ."

"ಕನಕಗಿರಿದು ತಪ್ಪೈತಿ. ಅದು ಹತ್ತ ನಿಮಿಷ ತಡಾ ಮಾಡತೈತಿ." ನೋಟ್‌ಬುಕ್ ವಾಪಸ್ ಕೊಟ್ಟ. ನನಗೆ ಧೈರ್ಯ ಬಂತು. ಬಂದದ್ದೇ ತಡ, ದೊಡ್ಡ ಮಾತು ಆಡಿದೆ.

"ಯಪ್ಪಾ, ನೀ ನೀರು ಬಿಡೋ ಮುಂದ ಗೇಟು ಎಷ್ಟ ಎತ್ತಿದಿ ಅಂತ ಬರಕೊಂತಿ. ಆ ನೀರು ಯಾರ್ಯಾರು ಕುಡುದ್ರು ಅಂತ ಬರಕೊಂತಿಯೇನು? ಮತ್ತ ನನ್ನ ಹೆಸರು ಅವ್ರಿಗ್ಯಾಕ?"

ಅಪ್ಪ ಕಾಲು ಒರೆಸಿಕೊಂಡ. "ಯಾರ ಹೊಲಕ್ಕ ಹೋತು ಅಂತ ಬರಕೊಂತೀನಿ. ಬರಕೊಳ್ಳಲಿಲ್ಲಂದ್ರ ಮ್ಯಾಲಿನ ಹೊಲದವ್ರು ಪೂರಾ ಹೊಡಕೊಂತಾರ. ಕೆಳಗಿನವ್ರಿಗೆ ತ್ಯಾವನೂ ಉಳಿಯಂಗಿಲ್ಲ. ಲೆಕ್ಕ ಇಲ್ಲದ ಯಾವ್ದೂ ನಡಿಯಂಗಿಲ್ಲವ್ವ."

ಕಾಲುವೆಯ ಕೊನೆಯ ಗದ್ದೆಯವರು ನೀರಿಗಾಗಿ ನಮ್ಮ ಮನೆಯ ಮುಂದೆ ಕಾದು ಕೂರುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಅಪ್ಪ ಹೇಳುವುದರಲ್ಲಿ ನಿಜ ಇತ್ತು. ಆದರೆ ನಾನು ಹೇಳುವುದರಲ್ಲೂ ಇತ್ತು. ಅದನ್ನು ಎಲ್ಲಿ ಹಿಡಿದು ಬಿಡಿಸಬೇಕೆಂದು ಮಾತ್ರ ಆಗ ತಿಳಿಯಲಿಲ್ಲ.

ಕೊನೆಗೆ ಅಪ್ಪ ಮಾವನ ಮುಂದೆಯೇ ತೀರ್ಮಾನ ಕೊಟ್ಟ. "ಹೋಗಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಹೆಸರು ನಾಲ್ಕು ಮಂದಿ ಓದೋ ಜಾಗದಾಗ ಇನ್ನ ಕಾಣಬಾರ್ದು. ಕಂಡ್ರ ನೆಟ್ಟೂ ಬಂದ್, ಕಾಲೇಜೂ ಬಂದ್."

ಮರುದಿನ ಅಕ್ಕಾರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಬರಿಲಾರ್ದ ಕುಂದ್ರಿಸಿದ್ರ ನನ್ನ ಲೈಸೆನ್ಸ್ ಹೊಕ್ಕೈತಿ ತಂಗಿ. ಅಪ್ಪನ ಹೆಸರ ಬಿಟ್ಟು ಬರದ್ರ ಠಾಣೆಯವ್ರು ಖಾಲಿ ಯಾಕೈತಿ ಅಂತಾರ." ಹೆಸರು ಬರೆದರೆ ಅಪ್ಪ ಕಾಲೇಜು ಬಿಡಿಸುತ್ತಾನೆ, ಬರೆಯದಿದ್ದರೆ ಕಂಪ್ಯೂಟರಿನ ಮುಂದೆ ಕೂರಲು ಅಂಗಡಿ ಬಿಡುವುದಿಲ್ಲ. ನಾನು ಆ ತಾಸನ್ನು ಬಿಟ್ಟುಕೊಡಲಿಲ್ಲ. ದಿನವೂ ಕಾಲೇಜು ಬಿಟ್ಟೊಡನೆ ಹೋಗಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಆರು ಕಂಪ್ಯೂಟರುಗಳನ್ನು ನೋಡುತ್ತ ನೋಟ್‌ಬುಕ್ಕಿನಲ್ಲಿ ಕೋಡ್ ಬರೆದೆ. ಬೆಂಚಿಗೆ ಯಾವ ನಿಯಮವೂ ಇರಲಿಲ್ಲ. ಒಂದು ನೋಟ್‌ಬುಕ್ ಮುಗಿದು ಎರಡನೆಯದು ಶುರುವಾಯಿತು. ಬರೆದದ್ದು ಸರಿಯೋ ತಪ್ಪೋ ನೋಡುವ ದಾರಿಯೇ ಇರಲಿಲ್ಲ.

ಹಾಗೆ ಕೂತಿದ್ದಾಗ ಒಂದು ಶನಿವಾರ ಹುಲಿಹೈದರದ ಕಡೆಯಿಂದ ಒಬ್ಬ ಟೀಚರ್ ಬಂದರು. ಮದುವೆಯಾಗಿ ಮೂರು ತಿಂಗಳು. ವರ್ಗಾವಣೆಯ ಅರ್ಜಿ ತುಂಬಬೇಕಿತ್ತು. ರಿಜಿಸ್ಟರಿನ ಮುಂದೆ ಪೆನ್ನು ಹಿಡಿದು ನಿಂತವರು ನಿಂತೇ ಇದ್ದರು.

"ಅಲ್ರಿ, ಇಲ್ಲಿ ನಮ್ಮ ಮನಿಯವ್ರ ಹೆಸರ ಬರೀಬೇಕೇನ್ರಿ?"

"ಹೂನ್ರಿ. ಎಲ್ಲಾರೂ ಬರೀತಾರ," ಎಂದರು ಅಕ್ಕಾರು.

"ನಾ ಬಾಯಿಲೇ ಹೇಳಿಲ್ರಿ ಇನ್ನ. ಹಿಂಗ ಅಂಗಡ್ಯಾಗ, ಚಹಾ ಕುಡಿಯೋರ ಮುಂದ, ಹ್ಯಾಂಗ ಬರೀಲಿ?"

"ನೌಕರಿ ಅರ್ಜ್ಯಾಗ ಬರದಿರ್ತೀರಲ್ರಿ."

"ಅದು ಸರ್ಕಾರಕ್ಕ ಕೊಟ್ಟದ್ದು. ಇದು ಊರಿಗೆ ಕೊಟ್ಟಂಗ ಆತು."

ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಹಾಕಿ ಹೇಳುತ್ತಾರೆ. ಪ್ರಾಸ ಕಟ್ಟಿದ ಎರಡು ಮೂರು ಸಾಲು, ಅದರ ನಡುವೆ ಹೆಸರು ಕೂತಿರುತ್ತದೆ. ಮದುವೆಯಲ್ಲಿ, ಸೀಮಂತದಲ್ಲಿ, ನೆರೆದ ಹೆಂಗಸರು ಬಾಗಿಲು ಅಡ್ಡಗಟ್ಟಿ ಹೇಳಿಸುತ್ತಾರೆ. ಟೀಚರ್ ಸ್ವಲ್ಪ ಹೊತ್ತು ಸೂರು ನೋಡಿದರು. ಆಮೇಲೆ ಬಗ್ಗಿ, ಆ ಕಾಲಮ್ಮಿನಲ್ಲಿ ಶುರುಮಾಡಿ ಪಕ್ಕದ ಎರಡು ಕಾಲಮ್ಮು ದಾಟುವಂತೆ ಬರೆದರು:

ಆರು ಕಂಪ್ಯೂಟರ್ ಅಂಗಡ್ಯಾಗ ಅರ್ಧಾತು ಗ್ವಾಡಿ,
ಅರ್ಜಿ ತುಂಬಾಕ ಬಂದೀನಿ ಬಸ್ಸಿನ ವ್ಯಾಳೆ ನೋಡಿ,
ಹೆಸರ ಕೇಳ್ತಾರ ಠಾಣೆಯವ್ರು, ಇಂಥಾ ರಾಯರು ನನ್ನ ಜೋಡಿ.

ಇಂಥಾ ಎಂಬಲ್ಲಿ ಅವರು ಹೆಸರು ಬರೆದಿದ್ದರು. ನಾನು ಇಲ್ಲಿ ಬರೆಯುವುದಿಲ್ಲ. ಅಕ್ಕಾರು ಓದಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಮುಂದಿನ ವಾರ ಬಂದ ಹೆಂಗಸರು ಮೇಲಿನ ಸಾಲು ಓದಿದರು, ಓದಿ ತಾವೂ ಕಟ್ಟಿದರು. ಆಂಧ್ರದಿಂದ ಬಂದು ಭತ್ತ ಬೆಳೆಯುವವರ ಕ್ಯಾಂಪಿನ ಒಬ್ಬಾಕೆ ತನಗೆ ಕನ್ನಡದಲ್ಲಿ ಪ್ರಾಸ ಕೂಡುವುದಿಲ್ಲವೆಂದು ಪೂರ್ತಿ ತೆಲುಗಿನಲ್ಲಿ ಬರೆದು ಹೋದಳು. ಅಷ್ಟು ದಿನ ನಾವು ತಲೆತಗ್ಗಿಸಿ ತುಂಬುತ್ತಿದ್ದ ಪುಸ್ತಕವನ್ನು ಜನ ಬಾಗಿಲಲ್ಲೇ ನಿಂತು ನಗುತ್ತ ಓದತೊಡಗಿದರು.

ತಿಂಗಳ ಕೊನೆಗೆ ಪೇದೆ ಬಂದರು, ಪ್ರತಿ ಒಯ್ಯಲು. ವಯಸ್ಸಾದವರು, ಮೆತ್ತನೆಯ ಮನುಷ್ಯ. ಗಲ್ಲೆಗೆ ಒರಗಿ ಓದುತ್ತ ಓದುತ್ತ ಅವರ ಧ್ವನಿ ನಿಧಾನವಾಗಿ ರಾಗಕ್ಕೆ ಇಳಿಯಿತು. ಇಳಿದದ್ದು ಗೊತ್ತಾಗಿ ಗಂಟಲು ಸರಿಮಾಡಿಕೊಂಡರು.

"ಇದೇನ್ರಿ ಅಕ್ಕಾರ, ರಿಜಿಸ್ಟರ್ ಐತೋ, ಸೀಮಂತದ ಮನಿ ಐತೋ?"

"ಗಂಡನ ಹೆಸರ ಕೇಳೀರಿ, ಹೇಳ್ಯಾರ. ನಿಮ್ಮ ಮನಿಯವ್ರು ನಿಮ್ಮ ಹೆಸರ ಹ್ಯಾಂಗ ಹೇಳ್ತಾರ್ರಿ?"

"ನಮ್ಮಾಕಿ 'ರೀ' ಅಂತಾಳ."

"ಮತ್ತ ಅವ್ರು ಇಲ್ಲಿ ಬಂದ್ರ ಈ ಕಾಲಮ್ಮಿನ್ಯಾಗ 'ರೀ' ಅಂತ ಬರೀಬೇಕೇನ್ರಿ?"

ಪೇದೆಯವರು ನಗು ತಡೆದುಕೊಂಡರು. "ನಕ್ಕರ ಆಗಂಗಿಲ್ರಿ. ನಾಳೆ ಯಾರರ ಇಲ್ಲಿ ಕುಂತು ಬೆದರಿಕಿ ಮೇಲ್ ಕಳಸಿದ್ರ ನಾವು ಹುಡುಕೋದು ಹ್ಯಾಂಗ? ತೆಲುಗಿನ್ಯಾಗ ಬರದದ್ದು ಹಿಡಕೊಂಡು ಎಲ್ಲಿ ತಿರಗಲಿ ನಾನು? ನಿಯಮದಾಗ ಏನೈತಿ, ಹಂಗ ನಡೀಬೇಕು."

"ನಿಯಮದಾಗ ಏನೈತ್ರಿ ಸಾಹೇಬ್ರ?" ಎಂದೆ ಬೆಂಚಿನಿಂದ.

"ನೀ ಯಾರವ್ವ?"

"ಗಿರಾಕಿ ರೀ."

"ಗಿರಾಕಿ ಅಂದ್ರ ಕಂಪ್ಯೂಟರ್ ಮುಂದ ಕುಂದರ್ತಾರ, ಬೆಂಚಿನ ಮ್ಯಾಲಲ್ಲ."

"ಕುಂದ್ರಾಕ ನಿಮ್ಮ ಪುಸ್ತಕ ಬಿಡವಲ್ದು ರೀ. ಅದಕ್ಕ ಕೇಳಿದೆ. ನಿಯಮ ಯಾರರ ಓದ್ಯಾರೇನ್ರಿ?"

ಅವರು ನನ್ನನ್ನು ಒಂದು ಸಲ, ಅಕ್ಕಾರನ್ನು ಒಂದು ಸಲ ನೋಡಿದರು. ಕೈಚೀಲದಿಂದ ಜೆರಾಕ್ಸ್ ಹಾಳೆಗಳನ್ನು ತೆಗೆದು ನನ್ನ ನೋಟ್‌ಬುಕ್ಕಿನ ಮೇಲೆ ಇಟ್ಟರು. "ಓದವ್ವ. ಓದಿ ನಮಗೂ ಹೇಳು. ಪೂರಾ ಇಂಗ್ಲಿಷ್ ಐತಿ, ನಮಗೂ ಅಷ್ಟಕ್ಕಷ್ಟೇ."

ಎರಡು ದಿನ ಅದನ್ನು ಕೋಡ್ ಓದುವಂತೆ ಓದಿದೆ. ಡಿಕ್ಷನರಿ ಪಕ್ಕದಲ್ಲಿಟ್ಟು, ಪೆನ್ಸಿಲ್ ಹಿಡಿದು, ಒಂದೊಂದು ಸಾಲು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಗುರುತು ಮಾಡುತ್ತ. ನಾಲ್ಕೂವರೆ ಅಡಿ ಇತ್ತು. ಕಂಪ್ಯೂಟರುಗಳ ಮುಖ ಅಂಗಡಿಯ ಒಳಗಿನ ತೆರೆದ ಜಾಗದ ಕಡೆಗಿರಬೇಕು ಎಂದಿತ್ತು. ಓಣಿಯ ಕಡೆಗೆ ಎಂದು ಎಲ್ಲೂ ಇರಲಿಲ್ಲ. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿ, ಕೂತ ವೇಳೆ ಇವುಗಳ ದಾಖಲೆ ಇಡಬೇಕು ಎಂದಿತ್ತು. ಗಲ್ಲೆಯ ಮೇಲೆ ಪುಸ್ತಕ ಬಿಚ್ಚಿಡಬೇಕು ಎಂದಿರಲಿಲ್ಲ. ಆಮೇಲೆ ತಂದೆ ಅಥವಾ ಗಂಡನ ಹೆಸರನ್ನು ಹುಡುಕಿದೆ. ಮೊದಲಿಂದ ಕೊನೆಯವರೆಗೆ ಮೂರು ಸಲ ಹುಡುಕಿದೆ. ಇರಲಿಲ್ಲ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಉದ್ದೇಶ, ಯಾವುದೂ ಇರಲಿಲ್ಲ.

ಓಡುತ್ತ ಅಂಗಡಿಗೆ ಹೋದೆ. "ಅಕ್ಕಾರ, ಈ ರಿಜಿಸ್ಟರ್ ಎಲ್ಲಿಂದ ತಂದ್ರಿ?"

"ಮಾರ್ಕೆಟ್ಟಿನ ಪುಸ್ತಕದ ಅಂಗಡ್ಯಾಗ. ಹೆಸರ ಬರಕೊಳ್ಳೋ ಪುಸ್ತಕ ಕೊಡಪ್ಪ ಅಂದೆ. ಕೊಟ್ಟ."

ಮೊದಲ ಹಾಳೆ ತಿರುವಿ ನೋಡಿದೆವು. ಅಚ್ಚಾದ ಅಕ್ಷರದಲ್ಲಿ ಮೇಲೆಯೇ ಬರೆದಿತ್ತು, ವಸತಿಗೃಹದ ರಿಜಿಸ್ಟರ್ ಎಂದು. ರಾತ್ರಿ ತಂಗುವ ಲಾಡ್ಜಿನವರು ಇಡುವ ಪುಸ್ತಕ. ಅಂಗಡಿಯವ ಇದ್ದದ್ದು ಕೊಟ್ಟಿದ್ದ. ಅಕ್ಕಾರು ಮೊದಲ ಹಾಳೆ ನೋಡದೆ ಎರಡನೆಯ ಹಾಳೆಯಿಂದ ಶುರುಮಾಡಿದ್ದರು. ಪೇದೆಯವರು ತಿಂಗಳು ತಿಂಗಳು ಅದರ ಪ್ರತಿ ಒಯ್ದಿದ್ದರು. ಮಾವ ಅದರಲ್ಲಿ ನನ್ನನ್ನು ಹಿಡಿದಿದ್ದರು. ಟೀಚರ್ ಅದಕ್ಕಾಗಿ ಒಡಪು ಕಟ್ಟಿದ್ದರು. ನಾನು ಅದಕ್ಕಾಗಿ ಒಂದೂವರೆ ನೋಟ್‌ಬುಕ್ ಬೆಂಚಿನ ಮೇಲೆ ತುಂಬಿಸಿದ್ದೆ. ದಿಲ್ಲಿಯವರಾಗಲಿ ಬೆಂಗಳೂರಿನವರಾಗಲಿ ಕೇಳದೇ ಇದ್ದ ಒಂದು ಕಾಲಮ್ಮಿಗೆ ನಾವೆಲ್ಲ ಸೇರಿ ಇಷ್ಟು ದಿನ ಹೆದರಿಕೊಂಡಿದ್ದೆವು.

"ನನಗ ಚಪ್ಪಲಿಲೇ ಹೊಡಕೊಬೇಕು," ಎಂದರು ಅಕ್ಕಾರು.

"ಬ್ಯಾಡ್ರಿ. ಅದರ ಬದಲಿ ಬಡಿಗ್ಯಾನ್ನ ಕರೀರಿ," ಎಂದೆ.

ಕಂಪ್ಯೂಟರುಗಳನ್ನು ಒಳಗೋಡೆಯ ಕಡೆ ತಿರುಗಿಸಿದೆವು. ಅವುಗಳ ಮುಖ ಅಂಗಡಿಯ ನಡುವಿನ ಜಾಗಕ್ಕೆ, ಬೆನ್ನು ಓಣಿಗೆ. ಗೂಡಿಗೆ ಪರದೆ ಇರಬಾರದು ಎಂದಿತ್ತು ನಿಯಮ. ಬೀದಿ ಬಾಗಿಲಿನ ಮಾತು ಎತ್ತಿರಲಿಲ್ಲ. ಅಕ್ಕಾರು ತಮ್ಮ ಹಳೆಯ ಇಳಕಲ್ ಸೀರೆಯನ್ನು ಬಾಗಿಲಿಗೆ ಕಟ್ಟಿದರು. ಪುಸ್ತಕ ತೆಗೆದು, ಒಬ್ಬೊಬ್ಬರಿಗೆ ಒಂದೊಂದು ಚೀಟಿ ಮಾಡಿದೆವು: ಹೆಸರು, ವಿಳಾಸ, ಗುರುತಿನ ಚೀಟಿಯ ಸಂಖ್ಯೆ, ವೇಳೆ. ಬರೆದು ಮಡಚಿ ಬೀಗ ಹಾಕಿದ ಡಬ್ಬಿಯೊಳಗೆ ಹಾಕುವುದು. ಡಬ್ಬಿಯ ಕೀಲಿ ಅಕ್ಕಾರ ಸೊಂಟಕ್ಕೆ. ಪೇದೆಯವರು ಬಂದು ಪಟ್ಟಿ ಹಿಡಿದು ಅಡಿ ಅಳೆದರು, ಚೀಟಿ ನೋಡಿದರು, ನಿಯಮದ ಹಾಳೆಯಲ್ಲಿ ನಾನು ಗುರುತು ಮಾಡಿದ ಸಾಲುಗಳನ್ನು ನೋಡಿದರು. "ತಪ್ಪಿಲ್ಲ. ನನಗೂ ಹಗುರಾತು, ಪ್ರಾಸ ಓದೋದು ತಪ್ಪಿತು," ಎಂದು ಹೋದರು. ನನ್ನ ತಾಸು ನನಗೆ ವಾಪಸ್ ಬಂತು. ಕಾಲೇಜಿನ ಗುರುತಿನ ಚೀಟಿ ತೋರಿಸಿ, ಯಾರೂ ಓದದ ಚೀಟಿ ಹಾಕಿ, ಎರಡನೇ ನಂಬರಿನಲ್ಲಿ ಕೂತೆ. ಅಪ್ಪನ ಹೆಸರು ಎಲ್ಲೂ ಇಲ್ಲ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಆ ನಿಯಮವನ್ನು ನೆಟ್ಟಿನಲ್ಲಿ ಹುಡುಕಿದಾಗ ಸರ್ಕಾರದ ಒಂದು ಪುಟದಲ್ಲಿ ಇನ್ನೊಂದು ಸಿಕ್ಕಿತು. ಇಂಥದೇ ನಿಯಮಗಳನ್ನು ದೇಶಕ್ಕೆಲ್ಲ ಹಾಕಲು ಕರಡು ಮಾಡಿದ್ದಾರೆ, ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು ಎಂದು. ಇಂಟರ್ನೆಟ್ ಅಂಗಡಿಗಳ ಬಗ್ಗೆ ಅಭಿಪ್ರಾಯ ಕೇಳಿದ್ದು ಇಂಟರ್ನೆಟ್ಟಿನಲ್ಲಿ, ಇಂಗ್ಲಿಷಿನಲ್ಲಿ. ಅಂಗಡಿಗೆ ಬರುವುದನ್ನು ಬಿಟ್ಟ ಹುಡುಗಿಯರಿಗೆ ಅದು ತಲುಪುವ ದಾರಿಯೇ ಇರಲಿಲ್ಲ. ಇದನ್ನು ಓದಿ ನನಗೆ ಬಂದ ಸಿಟ್ಟು ಮಾವನ ಮೇಲೂ ಬಂದಿರಲಿಲ್ಲ.

ಮೂರು ದಿನ ಕೂತು ಬರೆದೆ, ಕನ್ನಡದಲ್ಲಿ ಮೊದಲು, ಅದರ ಕೆಳಗೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ. ಅಂದು ಪಡಸಾಲೆಯಲ್ಲಿ ಅಪ್ಪನಿಗೆ ಕೊಡಲಾಗದ ಉತ್ತರ ಬರೆಯುವಾಗ ಸಿಕ್ಕಿತು. ಲೆಕ್ಕ ಇಡಿ, ಬೇಡವೆನ್ನುವುದಿಲ್ಲ. ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂದು ಕಾಲುವೆಯ ಊರಿನವಳಾದ ನನಗೆ ಗೊತ್ತು. ಆದರೆ ಲೆಕ್ಕದ ಪುಸ್ತಕ ದಾರಿಯಲ್ಲಿ ಬಿಚ್ಚಿಡಬೇಡಿ. ತಪ್ಪು ಮಾಡಿದವರನ್ನು ಹುಡುಕಲು ಇಟ್ಟ ಹೆಸರನ್ನು, ತಪ್ಪು ಮಾಡದ ಹುಡುಗಿಯ ಸೋದರಮಾವ ಮೊದಲು ಓದುತ್ತಾನೆ. ಮರೆ ಕತ್ತರಿಸುವ ಮೊದಲು ಆ ಮರೆಯ ಹಿಂದೆ ಯಾರು ಕೂತು ಏನು ಕಲಿಯುತ್ತಿದ್ದಾರೆ ಎಂದು ಬಂದು ನೋಡಿ. ನಿಯಮ ಮಾಡಿದರೆ ಅದನ್ನು ಪಾಲಿಸುವವರಿಗೂ ಪಾಲಿಸುವಂತೆ ನೋಡಿಕೊಳ್ಳುವವರಿಗೂ ಅರ್ಥವಾಗುವ ಭಾಷೆಯಲ್ಲಿ ಕೊಡಿ. ಕೊಡದಿದ್ದರೆ ಮಾರ್ಕೆಟ್ಟಿನ ಪುಸ್ತಕದ ಅಂಗಡಿಯವನೇ ನಮ್ಮ ಸರ್ಕಾರ ಆಗುತ್ತಾನೆ.

ಸರ್ಕಾರದ ಆ ಪುಟದ ಕೊನೆಯಲ್ಲಿ ಒಂದು ಷರತ್ತಿತ್ತು. ಹೆಸರು, ಪೂರ್ತಿ ವಿಳಾಸ ಇಲ್ಲದ ಪತ್ರವನ್ನು ಪರಿಗಣಿಸುವುದಿಲ್ಲ. ಬಂದ ಪತ್ರಗಳನ್ನು ಹೆಸರಿನೊಂದಿಗೆ ಪ್ರಕಟಿಸಬಹುದು. ನಮ್ಮ ಊರಿನಲ್ಲಿ ಅಪ್ಪನ ಹೆಸರಿಲ್ಲದ ವಿಳಾಸಕ್ಕೆ ಟಪಾಲೇ ಮುಟ್ಟುವುದಿಲ್ಲ.

ಅಕ್ಕಾರು ನನ್ನ ಹೆಗಲ ಮೇಲಿಂದ ಓದಿದರು. "ನನ್ನ ಹೆಸರ ಹಾಕು. ನನಗ ಯಾರೂ ಕಾಲೇಜ್ ಬಿಡಸಂಗಿಲ್ಲ."

"ಬರದಾಕಿ ನಾನು ರೀ."

"ನಿಮ್ಮಪ್ಪ ಏನಂದಿದ್ರು ನೆನಪೈತಿಲ್ಲೋ?"

"ಐತ್ರಿ. ಆ ಪುಸ್ತಕದಾಗ ನನ್ನ ಕೇಳಲಾರ್ದ ಇಸ್ಕೊಂಡ್ರು. ಇಲ್ಲಿ ನಾನ ಕೊಡಾಕತ್ತೀನಿ."

ಹೆಸರು ಬರೆದೆ. ಅಪ್ಪನ ಹೆಸರು ಬರೆದೆ. ಸಿದ್ದಾಪುರ ಎಂದು ಬರೆದೆ. ಕಳಿಸುವ ಗುಂಡಿ ಒತ್ತಿದೆ.

ಆ ಪತ್ರದಿಂದ ಏನಾಯಿತು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಏನೂ ಆಗಲಿಲ್ಲ. ಮುಟ್ಟಿತು ಎಂದು ಯಂತ್ರದ ಒಂದು ಉತ್ತರ ಬಂತು. ಮುಂದೆ ನಿಯಮ ಬಂದಾಗ ನಾಲ್ಕೂವರೆ ಅಡಿ ನಾಲ್ಕೂವರೆ ಅಡಿಯೇ ಇತ್ತು. ಆಮೇಲೆಯೂ ಇಂಟರ್ನೆಟ್ಟಿನ ಬಗ್ಗೆ ಒಂದಲ್ಲ ಒಂದು ಕರಡು ಬರುತ್ತಲೇ ಇದೆ, ನಾನು ಬರೆಯುತ್ತಲೇ ಇದ್ದೇನೆ. ಬರೆಯುವವರಿಗೆ ದಣಿವಾಗಲಿ ಎಂದೇ ಅವರು ಉತ್ತರ ಕೊಡುವುದಿಲ್ಲವೇನೋ. ನನಗಿನ್ನೂ ದಣಿವಾಗಿಲ್ಲ.

ಆದರೆ ಅಪ್ಪನಿಗೆ ಹೇಳುವುದು ಉಳಿದಿತ್ತು. ಬೇರೆ ಯಾರೋ ಓದಿ ಹೇಳುವ ಮೊದಲು ನಾನೇ ಹೇಳಬೇಕಿತ್ತು. ಪತ್ರ ಕಳಿಸಿದ ಮರುದಿನ ಬೆಳಿಗ್ಗೆ, ಕಾಲೇಜಿಗೆ ಹೊರಟವಳು ಬಸ್ ನಿಲ್ಲುವ ಜಾಗಕ್ಕೆ ಹೋಗದೆ ಕಾಲುವೆಯ ಏರಿ ಹತ್ತಿದೆ. ಅಪ್ಪ ಗೇಟಿನ ಚಕ್ರ ತಿರುಗಿಸುತ್ತಿದ್ದ.

"ಯಪ್ಪಾ, ದಿಲ್ಲಿಗೆ ಪತ್ರ ಬರದೀನಿ. ನಿನ್ನ ಹೆಸರ ಹಾಕೀನಿ. ಅದು ನಾಲ್ಕು ಮಂದಿ ಓದೋ ಜಾಗದಾಗ ಬರಬಹುದು."

ಚಕ್ರ ನಿಂತಿತು. "ನಾ ಏನಂದಿದ್ದೆ?"

"ಕಾಲೇಜ್ ಬಂದ್ ಅಂದಿದ್ದಿ."

"ಅಂದ ಮ್ಯಾಲೂ ಹಾಕೀದಿ."

"ಹಾಕೀನಿ."

ನೀರು ಗೇಟಿನ ಕೆಳಗಿಂದ ಸದ್ದು ಮಾಡುತ್ತಿತ್ತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡ. "ಏನ್ ಬರದೀ, ಓದು."

ನೋಟ್‌ಬುಕ್ ತೆಗೆದು ಕನ್ನಡದ ಭಾಗ ಓದಿದೆ. ಲೆಕ್ಕ ಇಡಿ ಎಂಬ ಸಾಲು ಬಂದಾಗ ತಲೆ ಎತ್ತಿದ. "ಅದನ್ನ ಇನ್ನೊಮ್ಮೆ ಓದು." ಓದಿದೆ. ಸೋದರಮಾವನ ಸಾಲು ಬಂದಾಗ ತುಟಿ ಸ್ವಲ್ಪ ಅಲುಗಿತು. ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ. ಓದಿ ಮುಗಿಸಿ ನೋಟ್‌ಬುಕ್ ಮಡಚಿದೆ.

"ನನ್ನ ಹೆಸರಿನ ಮುಂದ ಏನ್ ಬರದೀ?"

"ಏನೂ ಇಲ್ಲ. ಬರೀ ಹೆಸರು."

"ಕಾಲುವಿ ಗೇಟಿನವ ಅಂತ ಬರೀಬೇಕಿತ್ತು. ಲೆಕ್ಕದ ಮಾತು ಯಾರು ಹೇಳ್ಯಾರ ಅಂತ ಅವ್ರಿಗೆ ಹ್ಯಾಂಗ ಗೊತ್ತಾಗಬೇಕು?"

ರಸ್ತೆಯ ಕಡೆ ಗಂಗಾವತಿಯ ಬಸ್ಸಿನ ಹಾರ್ನು ಕೇಳಿಸಿತು. ಅಪ್ಪ ಮತ್ತೆ ಚಕ್ರಕ್ಕೆ ಕೈ ಹಾಕಿದ. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಏರಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಬಸ್ಸಿನ ಕಡೆಗೆ ಓಡಿದೆ.